ಹಸಿರು ಒತ್ತಿದ ರಮ್ಲಾ ಟೀಚರ್

ಕಾವೂರಿನ ಆ ಶಾಲೆಯ ಸ್ಟಾಫ್ ರೂಮಿಗೆ ತೃಪ್ತಿ ಎಂಬುದು ಬಂದದ್ದು ಗೋಡೆಗೆ ಮೊಳೆ ಹೊಡೆಸಿಕೊಂಡು. ಒಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಮೂರು ಗುಂಡಿ. ಹಲ್ಲು ಬಿಟ್ಟ ಹಸಿರು ಮುಖ, ನಗಲೋ ಬೇಡವೋ ಎಂದು ಮನೆಯವರನ್ನು ಕೇಳಿ ಹೇಳುವಂತಿದ್ದ ಹಳದಿ ಮುಖ, ಹುಬ್ಬು ಗಂಟಿಕ್ಕಿದ ಕೆಂಪು ಮುಖ. ಶಾಲೆ ಬಿಟ್ಟು ಹೋಗುವಾಗ ಐಡಿ ಕಾರ್ಡು ತಾಗಿಸಿ, 'ನಿಮ್ಮ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯೇ?' ಎಂಬ ಪ್ರಶ್ನೆಗೆ ಒಂದು ಮುಖವನ್ನು ಒತ್ತಬೇಕು. ಗಲ್ಫಿನಿಂದ ಬರುವ ಅಣ್ಣನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿ ಅಭ್ಯಾಸವಿದ್ದ ರಮ್ಲಾ ಟೀಚರ್, ಅಲ್ಲಿನ ಶೌಚಾಲಯದ ಬಾಗಿಲಲ್ಲಿ ಇಂಥದ್ದೇ ಒಂದು ಇದೆ ಎಂದು ಹೇಳಿದ ಮೇಲೆ, ಆ ಗೋಡೆಯ ಎದುರು ಕೂತು ಬುತ್ತಿ ಬಿಚ್ಚುವ ಮನಸ್ಸು ಯಾರಿಗೂ ಆಗಲಿಲ್ಲ.

ಪೆಟ್ಟಿಗೆ ತಂದವರು ಶಾಲೆಯ ಸಂಚಾಲಕರಾದ ಚಿತ್ತರಂಜನ ಶೆಟ್ಟರು. ಹೋಟೆಲಿನ ಮನೆತನ. ಪಾಕಶಾಲೆಯಿಂದ ಪಾಕ ತೆಗೆದರೆ ಉಳಿಯುವುದು ಶಾಲೆಯೇ ಎಂಬ ಧೈರ್ಯದಿಂದ ವಿದ್ಯಾಕ್ಷೇತ್ರಕ್ಕೆ ಇಳಿದವರು. ಕೆಟ್ಟ ಮನುಷ್ಯರಲ್ಲ. ಸಂಬಳ ತಡ ಮಾಡಿದವರಲ್ಲ, ಹಬ್ಬಕ್ಕೆ ಸ್ವೀಟ್ ಬಾಕ್ಸ್ ತಪ್ಪಿಸಿದವರಲ್ಲ. ಆದರೆ ಹೆತ್ತವರನ್ನು ಗೆಸ್ಟ್ ಎನ್ನುತ್ತಿದ್ದರು, ಟೀಚರುಗಳಿಗೆ ಹೋಟೆಲಿನ ರಿಸೆಪ್ಷನಿಸ್ಟರಂಥ ಕೋಟು ಹೊಲಿಸಿದ್ದರು, ಬೇಸಿಗೆ ರಜೆಯಲ್ಲಿ ಮನೆಮನೆಗೆ ಕಳಿಸಿ ಹೊಸ ಮಕ್ಕಳನ್ನು ಹಿಡಿದು ತರಿಸುತ್ತಿದ್ದರು. ಶನಿವಾರದ ಅರ್ಧ ದಿನ ಪೂರ್ತಿ ದಿನವಾಗಿ ಬಹಳ ಕಾಲವಾಗಿತ್ತು. ಚಿತ್ತ ಅವರದ್ದು, ರಂಜನೆ ನಮ್ಮದು ಎಂದು ರಮ್ಲಾ ಹೇಳಿದ್ದು ಸ್ಟಾಫ್ ರೂಮಿನಲ್ಲಿ ಮಂತ್ರದ ಹಾಗೆ ಓಡಾಡುತ್ತಿತ್ತು.

ಆದ್ದರಿಂದ ಪೆಟ್ಟಿಗೆ ಬಂದ ದಿನವೇ ಬಾಗಿಲು ಮುಚ್ಚಿ ಒಂದು ಒಪ್ಪಂದವಾಯಿತು. ಲೆಕ್ಕದ ರೊಸಾಲಿನ್ ಟೀಚರ್ ಮುಂದಾಳು. ಶುಕ್ರವಾರ ಸಂಜೆ ಒಬ್ಬರೂ ಬಿಡದೆ ಕೆಂಪು ಒತ್ತುವುದು. ಒಬ್ಬಿಬ್ಬರು ಒತ್ತಿದರೆ ಅವರ ತಲೆ ಹೋಗುತ್ತದೆ, ಎಲ್ಲರೂ ಒತ್ತಿದರೆ ಶೆಟ್ಟರ ನಿದ್ದೆ ಹೋಗುತ್ತದೆ. ಎಲ್ಲರಿಗಿಂತ ಜೋರಾಗಿ ಹೂಂ ಎಂದವಳು ರಮ್ಲಾ.

ರಮ್ಲಾ ಕನ್ನಡ ಟೀಚರ್. ಮನೆಮಾತು ಬ್ಯಾರಿ, ನೆರೆಮಾತು ತುಳು, ಹೊಟ್ಟೆಪಾಡಿನ ಮಾತು ಕನ್ನಡ. ಬಂದರಿನಲ್ಲಿ ತಂದೆ ಮೊಯ್ದೀನಬ್ಬರ ಜೀನಸಿನ ಗೋಡೌನಿನ ಮೇಲೆಯೇ ಮನೆ. ಕೆಳಗೆ ನಡೆಯುವ ವ್ಯಾಪಾರದ ಕೂಗು ಕೇಳುತ್ತಲೇ ಬೆಳೆದವಳು. ಮೀನಿನ ಹೆಂಗಸರು, ಬಸ್ಸಿನ ಕಂಡಕ್ಟರು, ಬ್ಯಾಂಕಿನ ಮ್ಯಾನೇಜರು, ಯಾರ ಸ್ವರವಾದರೂ ಅವಳ ಗಂಟಲಿನಲ್ಲಿ ಬಾಡಿಗೆಗೆ ಇರುತ್ತಿತ್ತು. ಅದನ್ನೇ ಅವಳು ಪಾಠಕ್ಕೆ ಹೂಡಿದ್ದಳು. ಅವಳ ಕ್ಲಾಸಿನಲ್ಲಿ ಪಾಠವನ್ನು ಮೊದಲ ಸಲ ಪುಸ್ತಕದ ಸ್ವರದಲ್ಲಿ ಓದುವಂತಿಲ್ಲ. ಗೊತ್ತಿರುವ ಯಾರದಾದರೂ ಸ್ವರದಲ್ಲಿ ಓದಬೇಕು. ಆ ಸ್ವರ ಮಾತಿಗೆ ಒಗ್ಗದೆ ಎಲ್ಲಿ ಎಡವುತ್ತದೋ ಅಲ್ಲಿಂದ ಪಾಠ ಶುರು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷು ಆಡುವ, ಕನ್ನಡವನ್ನು ದೂರದ ನೆಂಟರಂತೆ ಕಾಣುವ ಮಕ್ಕಳು ಆ ಕ್ಲಾಸಿಗೆ ಓಡಿ ಬರುತ್ತಿದ್ದರು.

ಆ ಶುಕ್ರವಾರದ ಕೊನೆಯ ಪೀರಿಯಡ್ ಏಳನೇ ಬಿ. ಎರೆಹುಳುವಿನ ಪಾಠ. ವರ್ಷವಿಡೀ ಬಾಯಿ ತೆರೆಯದ ಮನ್ವಿತಾ ಎದ್ದು ನಿಂತಳು. ನಿಲ್ಲಿಸದೆ ಹೋದ ಬಸ್ಸಿಗೆ ಬೈಯುವ ತನ್ನ ಗುಲಾಬಿ ಅಜ್ಜಿಯ ಸ್ವರದಲ್ಲಿ ಓದಲೇ ಎಂದು ಕೇಳಿದಳು. 'ಎರೆಹುಳುವಿಗೆ ಕಣ್ಣಿಲ್ಲ, ಕಿವಿಯೂ ಇಲ್ಲ' ಎಂಬ ಸಾಲು ಸೀದಾ ಡ್ರೈವರಿಗೆ ಹೋಗಿ ನಾಟಿತು. ಕ್ಲಾಸು ಹೊಟ್ಟೆ ಹಿಡಿದುಕೊಂಡಿತು. ಆದರೆ 'ಆದರೂ ಅದು ಮಣ್ಣಿನ ಹದವನ್ನು ಬಲ್ಲದು' ಎಂಬಲ್ಲಿಗೆ ಬಂದಾಗ ಹುಡುಗಿ ನಿಂತುಬಿಟ್ಟಳು.

"ಟೀಚರ್, ಹದ ಅಂದ್ರೆ ಎಂತ? ಅದನ್ನು ಬೈದು ಹೇಳ್ಲಿಕ್ಕೆ ಆಗುದಿಲ್ಲ."

ಪದದ ಅರ್ಥ ತಿಳಿಯುವ ಮೊದಲೇ ಅದರ ಮೃದುತನ ನಾಲಗೆಗೆ ತಾಗಿತ್ತು. ಮಕ್ಕಳು ಹಿಟ್ಟಿನ ಹದ, ಮಳೆಯ ಹದ, ಮುದ್ದು ಕೊಂಡಾಟದ ಹದ ಎಂದು ಒಂದೊಂದೇ ಎತ್ತಿ ಕೊಡುತ್ತ ಬೆಲ್ ಆದರೂ ಏಳಲಿಲ್ಲ. ರಮ್ಲಾ ಸ್ಟಾಫ್ ರೂಮಿಗೆ ಬಂದದ್ದು ನಡೆದೋ ತೇಲಿಯೋ ಅವಳಿಗೆ ತಿಳಿಯದು. ಕಾರ್ಡು ತಾಗಿಸಿದಳು. ಪ್ರಶ್ನೆ ಓದಿದಳು. ಬೆರಳು ಹಸಿರಿನ ಮೇಲೆ ಬಿತ್ತು.

ಸೋಮವಾರ ಸ್ಟಾಫ್ ರೂಮು ಅವಳಿಗೆ ಬೆನ್ನು ಕೊಟ್ಟು ಕೂತಿತ್ತು. ಎಲ್ಲ ಕೆಂಪಿನ ನಡುವೆ ಒಂದು ಹಸಿರು ಕಂಡ ಶೆಟ್ಟರು, ಒಬ್ಬರಿಗೆ ಖುಷಿ ಆಗುತ್ತದಾದರೆ ವ್ಯವಸ್ಥೆ ಸರಿಯೇ ಇದೆ, ಉಳಿದವರ ಮನೋಭಾವದಲ್ಲಿ ಕೊರತೆ ಎಂದು ತೀರ್ಮಾನಿಸಿದ್ದರು. ಹೋಟೆಲಿನ ತರಬೇತುದಾರನಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಮುಗುಳ್ನಗೆ ತರಬೇತಿ, ಹಾಜರಿ ಕಡ್ಡಾಯ.

"ನಿನ್ನ ಹಲ್ಲು ಕಂಡದ್ದಕ್ಕೆ ನಮ್ಮ ಹಲ್ಲು ಎಣಿಸ್ತಾರೆ ಇನ್ನು," ಎಂದಳು ರೊಸಾಲಿನ್. "ಅಷ್ಟು ಖುಷಿ ಎಂತ ಬಂದದ್ದು ಮಾರಾಯ್ತಿ ನಿನಗೆ?"

ಏಳನೇ ಬಿಯದ್ದು ಎಂದು ರಮ್ಲಾ ಬಾಯಿ ತೆರೆಯುವಷ್ಟರಲ್ಲಿ ಆಫೀಸಿನಿಂದ ಕರೆ ಬಂತು.

ಶೆಟ್ಟರು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ಅವರ ಮಾತಿನ ಪ್ರತಿ ತುದಿಗೂ ಒಂದು 'ಆಯ್ತಾ' ಇರುತ್ತಿತ್ತು, ಬಿಲ್ಲಿನ ಜೊತೆ ಸೋಂಪು ಬರುವ ಹಾಗೆ. ನಾಳೆಯಿಂದ ರಮ್ಲಾ ಕ್ಲಾಸಿಗೆ ಹೋಗಬೇಕಾಗಿಲ್ಲ, ಆಯ್ತಾ. ಅಡ್ಮಿಷನ್ ಸಮಯ, ಫ್ರಂಟ್ ಆಫೀಸಿನಲ್ಲಿ ಹೆತ್ತವರ ಜೊತೆ ಮಾತಾಡಿದರೆ ಸಾಕು, ಆಯ್ತಾ. ಏಸಿ ಉಂಟು, ತಿರುಗುವ ಕುರ್ಚಿ ಉಂಟು, ಸಂಬಳವೂ ಏರುತ್ತದೆ.

"ಖುಷಿಯಲ್ಲಿ ಇರುವವರು ಎದುರಿಗೆ ಕಾಣ್ಬೇಕು, ಟೀಚರ್. ನಮ್ಮಲ್ಲಿ ನಗುವ ಸಪ್ಲಾಯರ್ ಒಬ್ಬ ಸಿಕ್ಕಿದ್ರೆ ಮರುದಿನ ಅವನನ್ನು ಕ್ಯಾಶಲ್ಲಿ ಕೂರಿಸ್ತೇವೆ, ಆಯ್ತಾ."

"ಮತ್ತೆ ಏಳನೇ ಬಿ?"

"ಸ್ಮಾರ್ಟ್ ಬೋರ್ಡ್ ಉಂಟಲ್ಲ. ಹೊಸಬರು ಸಿಗುವವರೆಗೆ ವಿಡಿಯೋ ಹಾಕುವ."

ಖುಷಿ ಇರುವ ಜಾಗದಿಂದ ಎಬ್ಬಿಸಿ ಖುಷಿಗೆ ಬಹುಮಾನ ಕೊಡುವುದು ಎಂಥ ಲೆಕ್ಕ? ರಮ್ಲಾ ಅವರ ಹೋಟೆಲಿನ ಮಾತಿನಲ್ಲೇ ಕೇಳಿದಳು.

"ನಿಮ್ಮ ಹೋಟೆಲಲ್ಲಿ ನೀರುದೋಸೆ ಅಷ್ಟು ಒಳ್ಳೆದು ಮಾಡ್ತಿದ್ದ ನೆವಿಲ್ ಈಗ ಎಲ್ಲಿ, ಸರ್?"

"ಅವ ಈಗ ಮ್ಯಾನೇಜರ್," ಎಂದರು ಶೆಟ್ಟರು ಹೆಮ್ಮೆಯಿಂದ.

"ಮತ್ತೆ ದೋಸೆ?"

ದೋಸೆಯ ವಿಷಯ ಬೇರೆ ಎಂದರು ಶೆಟ್ಟರು. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಈಗಿನ ದೋಸೆಯನ್ನು ಎರಡು ಕಡೆಯಿಂದ ಎಳೆದು ಮಕ್ಕಳಿಗೆ ಸ್ಥಿತಿಸ್ಥಾಪಕತ್ವ ಕಲಿಸಬಹುದು ಎಂದು ವಿಜ್ಞಾನದ ಟೀಚರ್ ಹೇಳುವುದಿತ್ತು. ತನಗೆ ಕ್ಲಾಸೇ ಇರಲಿ ಎಂದು ರಮ್ಲಾ ಎಷ್ಟು ಹೇಳಿದರೂ ಶೆಟ್ಟರು ಅದನ್ನು ವಿನಯ ಎಂದು ತಿಳಿದು ಇನ್ನಷ್ಟು ಮೆಚ್ಚಿಕೊಂಡರು. ಆರ್ಡರ್ ಆಗಲೇ ಟೈಪಾಗಿತ್ತು.

ಮನೆಯಲ್ಲಂತೂ ಅವಳಿಗೆ ಯಾರೂ ಮಾತಾಡಲು ಬಿಡಲಿಲ್ಲ. ನಿಂತು ನಿಂತು ಮಗಳ ಕಾಲು ಬಾತುಕೊಳ್ಳುತ್ತಿತ್ತು, ಈಗ ದೇವರು ಕುರ್ಚಿ ಕೊಟ್ಟ ಎಂದು ತಾಯಿ ರುಖಿಯಾ ಪಾಯಸಕ್ಕೆ ಇಟ್ಟರು. ದುಬಾಯಿಯಿಂದ ಅಣ್ಣ ಅನ್ಸಾರ್ ವಿಡಿಯೋ ಕಾಲಿನಲ್ಲಿ, ಕೊನೆಗೂ ನೀನು ಟೀಚರಿನಿಂದ ಆಫೀಸರ್ ಆದೆ ಎಂದ. ತಂದೆ ಮಾತ್ರ ಅವಳ ಮುಖ ನೋಡಿ ಗ್ಲಾಸು ಕೆಳಗಿಟ್ಟು, ನಿನಗೆ ಅದು ಬೇಕಾ ಎಂದು ಕೇಳಿದರು. ಬೇಡ ಎಂದಳು. ಹಾಗಾದರೆ ಮುಖ ಯಾಕೆ ನನಗೆ ತೋರಿಸುತ್ತೀ, ಅವರಿಗೆ ತೋರಿಸು ಎಂದು ಅವರು ಪಾಯಸ ಮುಗಿಸಿದರು.

ಫ್ರಂಟ್ ಆಫೀಸಿನಲ್ಲಿ ಹೇಳಬೇಕಾದ ಮಾತುಗಳನ್ನು ಪ್ಲಾಸ್ಟಿಕ್ ಹೊದಿಸಿದ ಹಾಳೆಯಲ್ಲಿ ಕೊಟ್ಟಿದ್ದರು. 'ನಮ್ಮ ಶಿಕ್ಷಕರು ನೂರಕ್ಕೆ ನೂರು ಸಂತೃಪ್ತರು' ಎಂಬುದು ಅದರ ಮೊದಲ ಸಾಲು. ರಮ್ಲಾ ಅದನ್ನು ವಿಮಾನ ಹೊರಡುವ ಘೋಷಣೆಯ ಸ್ವರದಲ್ಲಿ, ಮೂಗನ್ನು ಸ್ವಲ್ಪ ಮುಚ್ಚಿಕೊಂಡಂತೆ ಹೇಳತೊಡಗಿದಳು. ಅಣಕಿಸಿದ್ದಕ್ಕೆ ಬೈದಾದರೂ ಎಬ್ಬಿಸಲಿ ಎಂಬುದು ಲೆಕ್ಕಾಚಾರ. ಶೆಟ್ಟರು ಮೈಮರೆತು ಕೇಳಿ, ಇದೇ ಪ್ರೊಫೆಷನಲ್ ಸ್ವರ ಎಂದು ಮೆಚ್ಚಿದರು, ಬೆನ್ನು ತಟ್ಟುವುದೊಂದೇ ಬಾಕಿ. ಅಣಕು ಅರ್ಥವಾಗದವರ ಎದುರು ಅಣಕಿಸುವುದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೆ ಬೇರೆ ಇರಲಿಲ್ಲ.

ಅದಕ್ಕಿಂತ ದೊಡ್ಡದೂ ಇತ್ತು. ಕಾರಿಡಾರಿನಾಚೆ ಏಳನೇ ಬಿಯ ಸ್ಮಾರ್ಟ್ ಬೋರ್ಡು ಇಸ್ತ್ರಿ ಹಾಕಿದ ಸ್ವರದಲ್ಲಿ ಪಾಠ ಹೇಳುವುದು ಅವಳಿಗೆ ಕೇಳುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಮನ್ವಿತಾ ಕೌಂಟರಿಗೆ ಬಂದು ನಿಂತಳು.

"ಟೀಚರ್, ಟಿವಿಯ ಅಕ್ಕ ಹದವನ್ನೂ ಗೊಬ್ಬರವನ್ನೂ ಒಂದೇ ಹಾಗೆ ಹೇಳ್ತಾರೆ. ಕೇಳಿದ್ರೆ ಉತ್ತರ ಕೊಡುದಿಲ್ಲ. ನೀವು ಯಾವಾಗ ಬರುದು?"

ರಮ್ಲಾ ಅವಳಿಗೆ ನೀರು ಕುಡಿಸಿ ಕ್ಲಾಸಿನ ಬಾಗಿಲವರೆಗೆ ಬಿಟ್ಟು ಬಂದಳು.

ಶನಿವಾರ ಹೆತ್ತವರಿಗೆ ಶಾಲೆ ನೋಡಲು ಬಿಟ್ಟ ದಿನ. ಉಳ್ಳಾಲದಿಂದ ಕಾವೂರಿಗೆ ಮನೆ ಬದಲಿಸಿದ ನಿಯಾಝ್ ಮತ್ತು ಹೆಂಡತಿ ಮುಮ್ತಾಝ್ ಮಗಳನ್ನು ಸೇರಿಸುವ ಮೊದಲು ವಿಚಾರಿಸಲು ಬಂದರು. ರಮ್ಲಾ ಹಾಳೆಯ ಮೊದಲ ಸಾಲಿಗೆ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಮುಮ್ತಾಝ್, ಮೊದಲಿನ ಶಾಲೆಯಲ್ಲಿ ಟೀಚರುಗಳು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ಮಗಳು ಯಾರ ಹೆಸರನ್ನೂ ಕಲಿಯಲಿಲ್ಲ ಎಂದರು. ಹಾಳೆಯಲ್ಲಿ ಇಲ್ಲದ ಪ್ರಶ್ನೆ ಆಮೇಲೆ ಬಂತು.

"ನಿಮ್ಮಲ್ಲಿ ಟೀಚರ್ಸ್ ನಿಲ್ತಾರಾ? ಸತ್ಯ ಹೇಳಿ."

ರಮ್ಲಾ ಹಾಳೆಯನ್ನು ಮಗುಚಿ ಇಟ್ಟಳು. ಆ ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಸಲ ತನ್ನದೇ ಸ್ವರ ಅವಳ ಬಾಯಿಗೆ ಬಂತು.

"ನಾನು ಈ ಕುರ್ಚಿಯಲ್ಲಿ ಉಂಟಲ್ಲ, ಇದು ನನ್ನ ಜಾಗ ಅಲ್ಲ. ನಾನು ಕನ್ನಡ ಟೀಚರ್. ನಮ್ಮ ಕೆಲಸ ನೋಡ್ಬೇಕಾದ್ರೆ ಕ್ಲಾಸಿಗೆ ಬನ್ನಿ."

ಇಬ್ಬರನ್ನೂ ಕರೆದುಕೊಂಡು ಅವಳು ಸೀದಾ ಏಳನೇ ಬಿಗೆ ಹೋದಳು. ಬೋರ್ಡಿನ ಸ್ವಿಚ್ಚು ಆರಿಸಿದಳು. ಅರ್ಧ ವಾಕ್ಯದಲ್ಲಿ ಟಿವಿಯ ಅಕ್ಕ ಮಾಯವಾದದ್ದಕ್ಕೆ ಮಕ್ಕಳು ಹೊಡೆದ ಚಪ್ಪಾಳೆಗೆ ಪಕ್ಕದ ಕ್ಲಾಸಿನ ರೊಸಾಲಿನ್ ಬಾಗಿಲಿಗೆ ಬಂದು ನೋಡಿದಳು. ಗಂಡಹೆಂಡತಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಎರೆಹುಳು ಅದೇ ಹದದ ಮಣ್ಣಿನಲ್ಲಿ ಕಾಯುತ್ತಿತ್ತು. ಮುಂದಿನ ಭಾಗ ಯಾರು ಓದುತ್ತೀರಿ ಎಂದು ಕೇಳಿದ್ದೇ ತಡ ಶೋಭಿತ್ ಎದ್ದ. ಎರಡೂ ಕೈ ಹಿಂದಕ್ಕೆ ಕಟ್ಟಿದ, ಹೊಟ್ಟೆ ಮುಂದಕ್ಕೆ ಬಿಟ್ಟ.

"ಎರೆಹುಳು ಮಣ್ಣನ್ನು ತಿನ್ನುತ್ತದೆ, ಆಯ್ತಾ. ತಿಂದ ಮಣ್ಣನ್ನು ಮೇಲಕ್ಕೆ ತರುತ್ತದೆ, ಆಯ್ತಾ. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ, ಆಯ್ತಾ."

ಕೊನೆಯ ಸಾಲು ಪುಸ್ತಕದಲ್ಲಿ ಇರಲಿಲ್ಲ. ಕ್ಲಾಸು ನಗಲಿಲ್ಲ, ಬಾಗಿಲು ನೋಡಿತು. ಕೌಂಟರ್ ಖಾಲಿ ಎಂದು ಹುಡುಕಿಕೊಂಡು ಬಂದ ಚಿತ್ತರಂಜನ ಶೆಟ್ಟರು ಹೊಸ್ತಿಲಲ್ಲಿದ್ದರು. ಎರಡೂ ಕೈ ಹಿಂದೆ ಕಟ್ಟಿಕೊಂಡಿದ್ದರು. ಅದು ತಿಳಿದು ಬಿಚ್ಚಿದರು. ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಕಟ್ಟಿದರು.

ಶೋಭಿತನಿಗೆ ಕೂರು ಎಂದು ರಮ್ಲಾ ಕಣ್ಣಿನಲ್ಲೇ ಹೇಳಿದಳು. ಕ್ಷಮೆ ಕೇಳು ಎಂದು ಹೇಳಲಿಲ್ಲ.

ಗೆಸ್ಟುಗಳ ಎದುರು ಶೆಟ್ಟರು ಸ್ವರ ಏರಿಸುವವರಲ್ಲ. ಟೀಚರ್, ಸ್ವಲ್ಪ ಹೊರಗೆ ಬನ್ನಿ ಎಂದರು ಮೆತ್ತಗೆ. ಪೀರಿಯಡ್ ಮುಗಿದ ಮೇಲೆ ಬರುತ್ತೇನೆ ಎಂದಳು ರಮ್ಲಾ, ಅಷ್ಟೇ ಮೆತ್ತಗೆ. ಆರ್ಡರ್ ಇದೆಯಲ್ಲ ಎಂದರು. ಇದೆ, ಓದಿದ್ದೇನೆ, ಒಪ್ಪಿಲ್ಲ ಎಂದಳು.

"ನೀವೇ ಹಸಿರು ಒತ್ತಿದ್ದಲ್ವಾ? ನಿಮ್ಮ ಖುಷಿಗೇ ಅಲ್ವಾ ನಾನು ಮಾಡಿದ್ದು?"

"ಒತ್ತಿದ್ದು ಈ ಕ್ಲಾಸಿಗೆ, ಸರ್. ಉಳಿದವರು ಕೆಂಪು ಒತ್ತಿದ್ದೂ ಸುಳ್ಳಲ್ಲ. ಅವರ ಶನಿವಾರ, ಅವರ ರಜೆ, ಈ ಕೋಟು, ಅದಕ್ಕೆಲ್ಲ ನನ್ನದೂ ಕೆಂಪೇ. ಪಾಠ ಮಾಡುದಕ್ಕೆ ಮಾತ್ರ ಹಸಿರು. ನೀವು ಅದನ್ನೇ ತೆಗ್ದದ್ದು."

ಬಾಗಿಲ ಹೊರಗೆ ರೊಸಾಲಿನ್ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು ಟೀಚರುಗಳು. ಯಾರೂ ನಗುತ್ತಿರಲಿಲ್ಲ, ಯಾರೂ ಕ್ಲಾಸಿಗೆ ಹಿಂದಿರುಗಲೂ ಇಲ್ಲ. ಸಂಜೆಯ ಮುಗುಳ್ನಗೆ ತರಬೇತಿಗೆ ನಾವು ಬರುವುದಿಲ್ಲ ಎಂದು ರೊಸಾಲಿನ್ ಹೇಳಿದಳು, ಲೆಕ್ಕದ ಉತ್ತರ ಹೇಳುವ ಸ್ವರದಲ್ಲಿ. ಹಿಂದಿನ ಬೆಂಚಿನಿಂದ ಮುಮ್ತಾಝ್, ನನ್ನ ಮಗಳು ಬಂದರೆ ಈ ಟೀಚರೇ ಇರುತ್ತಾರಾ ಎಂದು ಕೇಳಿದರು. ಶೆಟ್ಟರು ಆ ಕಡೆ ನೋಡಿ ಅಭ್ಯಾಸದಂತೆ ಮುಗುಳ್ನಕ್ಕರು.

"ಸೋಮವಾರ ಮಾತಾಡುವ," ಎಂದರು ರಮ್ಲಾಗೆ. ಅದರಲ್ಲಿ ಆಯ್ತಾ ಇರಲಿಲ್ಲ. ಅದು ಬೆದರಿಕೆಯ ಲಕ್ಷಣ ಎಂದು ಅವರ ಹೋಟೆಲಿನವರಿಗೆಲ್ಲ ಗೊತ್ತು.

"ಮಾತಾಡುವ, ಸರ್. ಏಳನೇ ಬಿ ಬಿಟ್ಟು ಬೇರೆ ಯಾವುದನ್ನು ಬೇಕಾದ್ರೂ ಮಾತಾಡುವ. ನೀವು ಬೇರೆಯವರನ್ನು ತಂದ್ರೆ ಅವರ ಪಕ್ಕ ನಿಂತು ಪಾಠ ಮಾಡ್ತೇನೆ. ಟಿವಿ ಹಾಕಿದ್ರೆ ಆರಿಸ್ತೇನೆ."

ಶೆಟ್ಟರು ಇನ್ನೂ ಹೊಸ್ತಿಲಲ್ಲೇ ಇದ್ದರು. ಫೆಬ್ರವರಿಯ ಸೆಕೆ. ಆ ಕ್ಲಾಸಿಗೆ ಗಾಳಿ ಬರುವುದು ಆ ಒಂದು ಬಾಗಿಲಿನಿಂದ.

"ಅಲ್ಲಿ ನಿಂತ್ರೆ ಮಕ್ಕಳಿಗೆ ಗಾಳಿ ಬರುದಿಲ್ಲ. ಒಳಗೆ ಬಂದು ಕೂರಿ, ಇಲ್ಲದಿದ್ರೆ ದಾರಿ ಬಿಡಿ," ಎಂದಳು ರಮ್ಲಾ. ಅವರು ಏನು ಮಾಡುತ್ತಾರೆಂದು ನೋಡದೆ ಮಕ್ಕಳ ಕಡೆ ತಿರುಗಿ, ಮುಂದಿನ ಸಾಲು ಯಾರು ಓದುತ್ತೀರಿ ಎಂದು ಕೇಳಿದಳು. ಏಳನೇ ಬಿಯ ಕೈಗಳೆಲ್ಲ ಮೇಲೆದ್ದವು.