ಸುತ್ತಿಗೊಂದು ಸೆಕೆಂಡು

ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಪೈನ್ ಮರದ ಒಂದು ಸೂಜಿ ಎಲೆ ಬಿದ್ದಿದೆ, ಅಂದರೆ ಗಾಳಿ ಕಡಲ ಕಡೆಯಿಂದ, ಮೂರನೆಯ ತಿರುವಿನಲ್ಲಿ ಎದೆಗೇ ಹೊಡೆಯುತ್ತದೆ, ಬಗ್ಗಬೇಕು, ಬಗ್ಗುವುದೇನು ಕಷ್ಟವಲ್ಲ, ಕೈ ಸರಿಯಿದೆ, ಕಣ್ಣು ಸರಿಯಿದೆ, ಸೊಂಟವೂ ಮೂವತ್ತೇಳು ವರ್ಷಕ್ಕೆ ಇರಬೇಕಾದ ಹಾಗೇ ಇದೆ, ಕೆಟ್ಟಿರುವುದು ಎಡಗಾಲಿನ ಹರಡು ಒಂದೇ, ಅದರೊಳಗೆ ಮೂರು ಸ್ಕ್ರೂ, ಜುಲೈನ ರೇಸಿನಲ್ಲಿ ರಸ್ತೆಯಂಚಿನ ಹುಲ್ಲಿನ ಪಿಂಡಿಗೆ ಹೋಗಿ ಗುದ್ದಿದಾಗಿನಿಂದ. ನಿಂತಿದ್ದರೆ ಸುಮ್ಮನಿರುತ್ತದೆ, ಗಾಡಿಯ ಮೇಲೆ ಕೂತರೂ ಸುಮ್ಮನಿರುತ್ತದೆ, ಓಡಿದರೆ ಮಾತ್ರ — ಮತ್ತು ಓಡಲೇಬೇಕು, ಇನ್ನು ಐದು ನಿಮಿಷಕ್ಕೆ ಬಾವುಟ ಇಳಿದಾಗ ನಾವು ಮೂವತ್ತು ಜನ ಎಂಜಿನ್ ಸತ್ತ ಗಾಡಿಗಳನ್ನು ತಳ್ಳುತ್ತ ಓಡಬೇಕು, ಐದು ಹೆಜ್ಜೆ, ಆರನೆಯದಕ್ಕೆ ಎಡಗಾಲಿನಿಂದ ಚಿಮ್ಮಿ ಸೀಟಿನ ಮೇಲೆ ಒಂದೇ ಮಗ್ಗುಲಿಗೆ ಬೀಳಬೇಕು, ಕ್ಲಚ್ ಬಿಡಬೇಕು, ಎಂಜಿನ್ ಹತ್ತಿಕೊಂಡರೆ ಕಾಲು ದಾಟಿಸಿ ಹೊರಡಬೇಕು. ನಾನು ನಾಲ್ಕು ಸಲ ಇಟಲಿಯ ಪಟ್ಟ ಗೆದ್ದದ್ದು ಆ ಐದು ಹೆಜ್ಜೆಗಳಲ್ಲಿ, ಪತ್ರಿಕೆಯವರು ಅದನ್ನು ಬರೆಯಲಿಲ್ಲ, ಅವರು ಧೈರ್ಯದ ಬಗ್ಗೆ ಬರೆದರು, ತಿರುವುಗಳ ಬಗ್ಗೆ ಬರೆದರು, ಅಪ್ಪನಿಗೆ ಮಾತ್ರ ಗೊತ್ತಿತ್ತು, ತನ್ನ ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ನನ್ನ ಮೀನಖಂಡ ಹಿಸುಕಿ ನೋಡಿದ್ದ, ಲೋ ನೆವಿಯೊ, ತಲೆಗೆ ಹೋಗ್ಬೇಕಾಗಿದ್ದೆಲ್ಲ ಇಲ್ಲಿಗೇ ಇಳ್ದುಬಿಟ್ಟಿದೆ ಕಣೋ, ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಿದ್ದ. ಹದಿನೆಂಟಕ್ಕೆ ಮೊದಲ ರೇಸು, ಬೇರೆಯವರ ಗಾಡಿ, ಬೇರೆಯವರ ಬೂಟು, ಎರಡು ಅಳತೆ ದೊಡ್ಡದು, ಮುಂದೆ ಹಳೆ ಪೇಪರು ತುರುಕಿಕೊಂಡು ಓಡಿದೆ, ಎಲ್ಲರಿಗಿಂತ ಮೊದಲು ಹತ್ತಿದೆ, ಕೊನೆಯ ತಿರುವಿನಲ್ಲಿ ಬಿದ್ದೆ. ಆಮೇಲೆ ಬೀಳದೇ ಇರುವುದನ್ನು ಕಲಿತೆ, ಓಡುವುದನ್ನು ಕಲಿಯಬೇಕಾಗಿರಲಿಲ್ಲ.

ಪಕ್ಕದಲ್ಲಿ ಟುಲ್ಲಿಯೊ, ಇಪ್ಪತ್ತೆರಡು ವರ್ಷ, ಬೊಲೋನ್ಯಾದವನು, ಬಾಯಲ್ಲಿ ಏನೋ ಅಗಿಯುತ್ತಿದ್ದಾನೆ, ಗ್ಲೌಸು ಇನ್ನೂ ಹಾಕಿಲ್ಲ, ಅವನಿಗೆ ಅವಸರವಿಲ್ಲ. ಇಬ್ಬರದೂ ಅಂಕ ಸಮ. ಇವತ್ತಿನದು ಈ ವರ್ಷದ ಕೊನೆಯ ರೇಸು, ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಪಟ್ಟ ಅವರದು, ಇದರಲ್ಲಿ ಲೆಕ್ಕ ಹಾಕುವುದಕ್ಕೂ ಏನಿಲ್ಲ. ನನ್ನ ಕಾಲು ಗುಣವಾಗಿದೆ ಎಂದು ಅವನು ನಂಬಿದ್ದಾನೆ, ನಾನೇ ಊರಿಗೆಲ್ಲ ಹಾಗೆ ಹೇಳಿಕೊಂಡು ತಿರುಗಿದ್ದೆ, ಬಾರಿನಲ್ಲಿ ಇಸ್ಪೀಟಾಡುವವರ ಎದುರು ಕುಂಟದೆ ನಡೆದು ತೋರಿಸಿದ್ದೆ, ಮನೆಗೆ ಬಂದು ಕಾಲನ್ನು ಐಸಿನ ಬಕೆಟ್ಟಿನಲ್ಲಿ ಇಟ್ಟಿದ್ದೆ. ಆದರೆ ಎಡ್ಡಾ ನೋಡಿದ್ದಾಳೆ, ನನ್ನ ಹೆಂಡತಿಯ ಕಣ್ಣು ತಪ್ಪಿಸುವುದು ಸುಲಭವಲ್ಲ, ಹೋದ ಮಂಗಳವಾರ ಮನೆ ಹಿಂದಿನ ಓಣಿಯಲ್ಲಿ ಹನ್ನೆರಡು ಸಲ ತಳ್ಳಿ ಹತ್ತಲು ನೋಡಿದೆ, ಏಳು ಸಲ ಹತ್ತಿದೆ, ಐದು ಸಲ ಹರಡು ಮಡಚಿ ಗಾಡಿಯ ಸಮೇತ ನೆಲಕ್ಕೆ, ಅವಳು ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ, ನೀನು ಬಿದ್ದಾಗ ಹಿಂದೆ ಯಾರೂ ಇರ್ಲಿಲ್ಲ, ಭಾನುವಾರ ಇರ್ತಾರೆ, ಎಂದಳು, ಅಷ್ಟೇ, ಮುಂದಿನ ಅಂಗಿ ಕೊಡವಿದಳು. ಹಿಂದೆ ಇಪ್ಪತ್ತು ಇಪ್ಪತ್ತೈದು ಗಾಡಿ, ತಲೆ ಬಗ್ಗಿಸಿ ತಳ್ಳುವವರು, ಮುಂದೆ ಯಾರು ಬಿದ್ದಿದ್ದಾರೆಂದು ನೋಡುವುದಿಲ್ಲ, ನಾನೂ ಎಂದೂ ನೋಡಿದವನಲ್ಲ.

ಡೆಲ್ಮೊ ಸ್ಪಾರ್ಕ್ ಪ್ಲಗ್ ಬದಲಿಸಿ ಎದ್ದ, ಹದಿನೇಳು ವರ್ಷದಿಂದ ನನ್ನ ಮೆಕ್ಯಾನಿಕ್, ಮಾತು ಕಡಿಮೆ, ಎಂಜಿನ್ ಜೊತೆ ಮಾತ್ರ ಗೊಣಗುವವನು. ಅವನ ಮೇಲಂಗಿಯ ಜೇಬಿನಲ್ಲಿ ಒಂದು ಚೀಟಿ ಇದೆ, ಬೆಳಿಗ್ಗೆ ನನ್ನನ್ನು ಕೇಳದೆ ಡಾಕ್ಟರ ಹತ್ತಿರ ಹೋಗಿ ಬರೆಸಿ, ರೇಸಿನ ಆಫೀಸಿನಲ್ಲಿ ಮೊಹರು ಹಾಕಿಸಿಕೊಂಡು ಬಂದಿದ್ದಾನೆ — ಕಾಲಿಗೆ ಪೆಟ್ಟಾದವನು ಬೇಕಿದ್ದರೆ ಎಲ್ಲರ ಹಿಂದೆ ನಿಂತು, ಗಾಡಿಯ ಮೇಲೆ ಕೂತು, ಒಬ್ಬನಿಂದ ತಳ್ಳಿಸಿಕೊಂಡು ಹೊರಡಬಹುದು, ಆದರೆ ಉಳಿದವರ ಎಂಜಿನ್ನುಗಳೆಲ್ಲ ಹತ್ತಿಕೊಂಡ ಮೇಲೆಯೇ ತಳ್ಳುವವನು ಕೈ ಇಡಬೇಕು. ನಾನು ಬೈದೆ. ನಾನೇನು ತರಕಾರಿ ಗಾಡಿಯಾ ಎಂದೆ. ಡೆಲ್ಮೊ ಬೈಗುಳ ಮುಗಿಯುವವರೆಗೆ ಸ್ಪ್ಯಾನರ್ ಒರೆಸಿದ. ಹಿಂದಿನಿಂದ ಹೊರಟ್ರೆ ಇಪ್ಪತ್ತು ಸೆಕೆಂಡು ಹೋಗುತ್ತೆ, ಇರೋದು ಇಪ್ಪತ್ತು ಸುತ್ತು, ಸುತ್ತಿಗೊಂದು ಸೆಕೆಂಡು, ಅಷ್ಟು ನಿನ್ ಕೈಯಲ್ಲಿ ಆಗಲ್ಲ ಅಂದ್ರೆ ಹೇಳು, ಈಗ್ಲೇ ಮನೆಗೆ ಹೋಗಿ ಊಟ ಮಾಡೋಣ, ಎಂದ. ಆಮೇಲೆ ಆ ಮಾತೇ ಎತ್ತಲಿಲ್ಲ, ಈಗಲೂ ಎತ್ತುತ್ತಿಲ್ಲ, ಬಗ್ಗಿ ಚೈನು ನೋಡುವ ಹಾಗೆ ನಟಿಸುತ್ತಿದ್ದಾನೆ, ಚೈನು ಸರಿಯಿದೆ, ಅವನಿಗೂ ಗೊತ್ತು. ಮೂರು ನಿಮಿಷ ಎಂದು ಬೋರ್ಡು ತೋರಿಸಿದರು. ಇನ್ನೊಂದು ನಿಮಿಷದಲ್ಲಿ ಮೆಕ್ಯಾನಿಕ್ಕುಗಳು ಹೊರಗೆ.

ಒತ್ತಾವಿಯೊನನ್ನು ನಾನು ಏನೆಂದಿದ್ದೆ. ಹತ್ತು ವರ್ಷವಾಯಿತು, ಇದೇ ರಸ್ತೆ, ಒತ್ತಾವಿಯೊ ನನಗಿಂತ ಮೊದಲಿನ ಚಾಂಪಿಯನ್, ತೊಡೆಯ ಮೂಳೆ ಮುರಿದು ಕೂಡಿದ್ದ ವರ್ಷ, ಸಾಲು ಬಿಟ್ಟು ಗಾಡಿ ತಳ್ಳಿಕೊಂಡು ಹಿಂದಕ್ಕೆ ನಡೆದ, ನಾನು ಮುಂದಿನ ಸಾಲಿನಿಂದ, ಏನಜ್ಜಾ, ತೊಟ್ಟಿಲು ತೂಗೋರು ಬೇಕಾ, ಎಂದು ಕೂಗಿದೆ, ಸಾಲಿಗೆ ಸಾಲೇ ನಕ್ಕಿತು. ಅವನು ತಿರುಗಿ ನೋಡಲಿಲ್ಲ. ಅವತ್ತು ಗೆದ್ದವನು ನಾನು, ಅವನು ನಾಲ್ಕನೆಯವನಾಗಿ ಬಂದ, ಮೂವತ್ತು ಜನರಲ್ಲಿ ಇಪ್ಪತ್ತಾರು ಜನರನ್ನು ಹಿಂದೆ ಹಾಕಿ, ಅದು ನನಗೆ ಆಗ ನಗೆಯಾಗಿಯೇ ಕಂಡಿತ್ತು, ರಾತ್ರಿ ಊಟಕ್ಕೆ ಕೂತಾಗಲೂ ಅದೇ ಜೋಕು, ನಾಚಿಕೆಗೇಡಿ, ನಾನು ಎಷ್ಟು ಹಗುರದ ಮನುಷ್ಯನಾಗಿದ್ದೆ. ಆ ಇಪ್ಪತ್ತಾರು ಜನರಲ್ಲಿ ಒಬ್ಬೊಬ್ಬರನ್ನೂ ಅವನು ಎಲ್ಲಿ ಹಿಡಿದ, ಯಾವ ತಿರುವಿನ ಒಳಗಿನಿಂದ ನುಸುಳಿದ, ಒಮ್ಮೆಯೂ ಕೇಳಲಿಲ್ಲ, ಈಗ ಕೇಳಬೇಕು ಅನ್ನಿಸುತ್ತಿದೆ, ಈಗ ಅವನು ಮಣ್ಣಿನಲ್ಲಿದ್ದಾನೆ. ನನಗೆ ಏನು ಬೇಕು. ಮೊದಲ ಸಾಲಿನಲ್ಲಿ ನಿಂತ ಫೋಟೋ ಬೇಕಾ, ನಾಲ್ಕು ಇವೆ ಮನೆಯಲ್ಲಿ, ಎಡ್ಡಾ ಧೂಳು ಹೊಡೆದು ಸಾಕಾಗಿದ್ದಾಳೆ. ಗೆಲ್ಲುವುದು ಬೇಕು. ಈ ಹುಡುಗನಿಗಿಂತ ಮುಂದೆ ಗೆರೆ ದಾಟುವುದು ಬೇಕು, ಹೇಗೆ ಹೊರಟೆ ಅನ್ನುವುದು ಯಾರಿಗೆ ಬೇಕು, ನನಗೆ ಬೇಡ, ಬೇಡ ಎಂದರೆ ಬೇಡ. ಕೈ ಎತ್ತಿದೆ.

ಅಧಿಕಾರಿ ಓಡಿ ಬಂದ, ಡೆಲ್ಮೊ ಚೀಟಿ ಕೊಟ್ಟ, ನಾನು ಗಾಡಿ ತಿರುಗಿಸಿ ಹಿಂದಕ್ಕೆ ನಡೆಯತೊಡಗಿದೆ, ಈಗ ಕುಂಟುವುದನ್ನು ಮುಚ್ಚಿಡಬೇಕಾಗಿಲ್ಲ, ಕುಂಟಿದೆ, ಹಾಯೆನಿಸಿತು. ಟುಲ್ಲಿಯೊ ಅಗಿಯುವುದು ನಿಲ್ಲಿಸಿದ. ಏನಜ್ಜಾ, ಮನೆಗೆ ಹೊರಟ್ಯಾ, ಎಂದ, ಸಾಲು ನಕ್ಕಿತು, ನಾನು ಕೂಗಿದ್ದಕ್ಕಿಂತ ಮೆತ್ತಗೇ ಕೇಳಿದ ಪಾಪ, ಇಲ್ಲಪ್ಪ, ನಿನ್ನ ಹಿಂದೆ ಬರ್ತಾ ಇರ್ತೀನಿ, ತಿರುಗಿ ತಿರುಗಿ ನೋಡ್ತಿರು, ಎಂದೆ, ಅವನು ನಗಲಿಲ್ಲ. ಒಂದೊಂದೇ ಸಾಲು ದಾಟಿದೆ, ಕೆಲವರು ಕಾಲು ನೋಡಿದರು, ಕೆಲವರು ಮುಖ ತಿರುಗಿಸಿದರು, ಕೊನೆಯ ಸಾಲಿನಲ್ಲಿ ಲೂಗೋ ಊರಿನ ಗ್ವಾಲ್ತಿಯೆರೊ, ವಾರವಿಡೀ ಬ್ರೆಡ್ಡು ಸುಡುವವನು, ಭಾನುವಾರ ತನ್ನ ಕಾಸಿನಲ್ಲಿ ಓಡಿಸುವವನು, ನನ್ನನ್ನು ಕಂಡು ಟೊಮೇಟೊ ಹಾಗೆ ಕೆಂಪಾದ, ಅಯ್ಯೋ ನೆವಿಯೊ ಅವರೇ, ನಿಮ್ ಮುಂದೆ ನಾನ್ ನಿಲ್ಲೋದಾ, ಎಂದು ಗಾಡಿಯನ್ನು ಆ ಕಡೆ ಈ ಕಡೆ ಸರಿಸಿದ, ಹೆಲ್ಮೆಟ್ಟಿನ ಪಟ್ಟಿ ಎರಡು ಸಲ ಕಟ್ಟಿ ಬಿಚ್ಚಿದ, ನಿಂತ್ಕೊಳ್ಳೋ ಮಾರಾಯ, ಸುಮ್ನೆ ಮುಂದೆ ನೋಡು, ಎಂದೆ. ನಾನು ಅವನ ಹಿಂದೆ ಗಾಡಿಯ ಮೇಲೆ ಕೂತೆ, ಪೆಟ್ರೋಲಿನ ನಲ್ಲಿ ತಿರುಗಿಸಿ ತೆರೆದೆ, ಎರಡನೇ ಗೇರು, ಕ್ಲಚ್ ಹಿಡಿದೆ. ಎಲ್ಲ ಎಂಜಿನ್ನೂ ಸತ್ತಿವೆ, ಜನ ಕೂಡ ಬಾಯಿ ಮುಚ್ಚಿದ್ದಾರೆ, ಪಿಯದೀನಾ ರೊಟ್ಟಿ ಸುಡುವ ಕಾವಲಿಯ ಚುರ್ ಸದ್ದು ಬೇಲಿಯಾಚೆಯಿಂದ ಕೇಳುತ್ತದೆ. ಬಾವುಟ.

ಬೂಟುಗಳ ಸದ್ದು, ಇಪ್ಪತ್ತೊಂಬತ್ತು ಬೆನ್ನು, ಹತ್ತೊಂಬತ್ತು ವರ್ಷದಲ್ಲಿ ರೇಸು ಹೊರಡುವಾಗ ನಾನು ನೋಡಿಯೇ ಇರದ ಬೆನ್ನುಗಳು, ಒಂದು ಎಂಜಿನ್ ಸಿಡಿಯಿತು, ಅದು ಟುಲ್ಲಿಯೊನದೇ, ಆಮೇಲೆ ಐದು, ಹತ್ತು, ಎಲ್ಲ, ನೀಲಿ ಹೊಗೆ, ಹೋದರು, ತಿರುವಿನಾಚೆ ಹೋದರು, ಉಳಿದವನು ಒಬ್ಬ, ಗ್ವಾಲ್ತಿಯೆರೊ, ತಳ್ಳುತ್ತಾನೆ, ಹಾರುತ್ತಾನೆ, ಎಂಜಿನ್ ಒಂದು ಸಲ ಕೆಮ್ಮಿ ಸಾಯುತ್ತದೆ, ಮತ್ತೆ ತಳ್ಳುತ್ತಾನೆ, ಡೆಲ್ಮೊನ ಕೈ ನನ್ನ ಬೆನ್ನಿಗೆ ಒಂದು ಗೇಣು ದೂರ ಗಾಳಿಯಲ್ಲಿದೆ, ಮುಟ್ಟುವ ಹಾಗಿಲ್ಲ, ಇವನು ಹೊರಡದೆ ನಾನು ಹೊರಡುವ ಹಾಗಿಲ್ಲ, ಟುಲ್ಲಿಯೊನ ಸದ್ದು ಪೈನ್ ಮರಗಳ ಹಿಂದೆ ಸಣ್ಣದಾಗುತ್ತಿದೆ, ಆ ಕೆಮ್ಮು ನನಗೆ ಗೊತ್ತು, ಎಲ್ಲಿ ಕೇಳಿದರೂ ಗೊತ್ತು, ನನ್ನನ್ನು ಬೆನ್ನಿಗೆ ಇಟ್ಟುಕೊಂಡ ಗಾಬರಿಯಲ್ಲಿ ಮರೆತಿದ್ದಾನೆ, ನಲ್ಲಿ ತೆಗಿಯೋ ಗ್ವಾಲ್ತಿಯೆರೊ, ಪೆಟ್ರೋಲಿನ ನಲ್ಲಿ, ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ, ಅವನು ತಿರುಗಿದ, ಬಗ್ಗಿದ, ಟ್ಯಾಂಕಿನ ಕೆಳಗೆ ಕೈ ಹಾಕಿದ, ಓಡಿದ, ಹಾರಿದ, ಹತ್ತಿಕೊಂಡಿತು, ನನಗೊಂದು ನಮಸ್ಕಾರ ಬೇರೆ ಮಾಡಲು ಹೋದ, ಹೋಗೋ ಹೋಗು. ಡೆಲ್ಮೊನ ಎರಡು ಅಂಗೈ ಬೆನ್ನಿಗೆ ಬಂದು ಕೂತವು, ಬಿಸಿಯಾಗಿ, ದೊಡ್ಡದಾಗಿ, ಅವನು ಓಡುತ್ತಿದ್ದಾನೆ, ಐವತ್ತೆಂಟು ವರ್ಷದ ಮುದುಕ ನನ್ನ ಐದು ಹೆಜ್ಜೆಗಳನ್ನು ಓಡುತ್ತಿದ್ದಾನೆ, ಏದುಸಿರಲ್ಲೇ, ಈಗ ಒಂದೂವರೆ ಆಯ್ತು ಕಣೋ, ಸುತ್ತಿಗೆ ಒಂದೂವರೆ, ಎಂದ, ಕ್ಲಚ್ ಬಿಟ್ಟೆ, ಹತ್ತಿಕೊಂಡಿತು, ಕೈಗಳು ಬೆನ್ನು ಬಿಟ್ಟವು.

ಒಂದೂವರೆ, ಆಗಲಿ, ಒಂದೂವರೆಯೇ ಆಗಲಿ, ಮೂರನೇ ಗೇರು, ತಲೆ ಟ್ಯಾಂಕಿಗೆ, ರಸ್ತೆ ಖಾಲಿ, ಒಬ್ಬರೂ ಇಲ್ಲ, ಮೊದಲನೆಯವನಾಗಿ ಹೊರಟಾಗಲೂ ಹೀಗೇ ಖಾಲಿ ಇರುತ್ತಿತ್ತು, ನಾಲ್ಕನೇ ಗೇರು, ತಿರುವು, ಒಳಗಿನಿಂದ, ಒಳಗಿನಿಂದ, ಹುಲ್ಲಿನ ಪಿಂಡಿ ಮೊಣಕಾಲನ್ನು ಸವರಿತು, ಖಾಲಿ ರಸ್ತೆ, ಮರ ಮರ ಮರ, ಖಾಲಿ ರಸ್ತೆ, ಅದರ ತುದಿಯಲ್ಲಿ ಒಂದು ಚುಕ್ಕೆ, ಅಲ್ಲ, ಬೆನ್ನು, ಬ್ರೆಡ್ಡಿನವನ ಬೆನ್ನು, ದೊಡ್ಡದಾಗುತ್ತಿದೆ, ಬೆನ್ನು, ಇಪ್ಪತ್ತೊಂಬತ್ತರಲ್ಲಿ ಮೊದಲನೆಯ ಬೆನ್ನು.