ಹಸಿದ ಇದ್ದಲು

ಹೊಗೆ ಇನ್ನೂ ಬೆಳ್ಳಗಿದೆ, ಒದ್ದೆ ಬಟ್ಟೆಯ ಬಿಳುಪು, ಅಂದರೆ ಇದ್ದಲಿಗೆ ಸುಡುತ್ತಿರುವ ಬಿದಿರಿನೊಳಗೆ ನೀರು ಉಳಿದಿದೆ, ಹೊಗೆ ತೆಳ್ಳಗಾಗಬೇಕು, ನೀಲಿಗೆ ತಿರುಗಬೇಕು, ಆಮೇಲೆ ಕಾಣದಂತಾಗಬೇಕು, ಆ ಗಳಿಗೆಯಲ್ಲೇ ಡ್ರಮ್ಮಿನ ಬಾಯಿ ಮುಚ್ಚಿ ಸುತ್ತ ಕೆಸರು ಮೆತ್ತಬೇಕು — ಮೊದಲೇ ಮುಚ್ಚಿದರೆ ಅರೆಬೆಂದ ಕಡ್ಡಿ, ತಡವಾದರೆ ಬರೀ ಬೂದಿ — ಭದ್ರಾವತಿಯ ಕುಲುಮೆಯ ಮುಂದೆ ಮೂವತ್ತೊಂದು ವರ್ಷ ನಿಂತವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಹೋದ ವರ್ಷ ಎದೆಯುಬ್ಬಿಸಿ ಹಾಗೇ ಅಂದಿದ್ದೆ ಹೆಂಡತಿ ಬಂಗಾರಿಗೆ, ಬೆಂಕಿ ವಿಷಯ ಈ ಶೇಷಪ್ಪಂಗೆ ಹೇಳ್ಬೇಡ ಕಣೇ, ಅವಳು ಸೊಪ್ಪಿನ ಕಟ್ಟಿಗೆ ಬಾಳೆನಾರು ಬಿಗಿಯುತ್ತ ತಲೆ ಎತ್ತದೆ ಅಂದಳು, ಬೆಂಕಿ ನಿಮ್ದು ಸರಿ, ಮಣ್ಣು ನಂದು. ಅವಳದೇ, ಸುಳ್ಳಲ್ಲ, ಮದುವೆಯಾದ ಹೊಸತರಲ್ಲಿ ಈ ಹಿತ್ತಲಿಗೆ ಗುದ್ದಲಿ ಹಾಕಿದರೆ ಠಣ್ ಅನ್ನುತ್ತಿತ್ತು, ಯಾವ ಕಾಲದಲ್ಲೋ ಯಾರೋ ಸುರಿದ ಕಬ್ಬಿಣದ ಕಿಟ್ಟ, ಮೇಲೊಂದು ಗೇಣು ಜಿಗುಟು ಮಣ್ಣು, ಮಳೆ ಬಂದರೆ ಅಂಟು, ನಿಂತರೆ ಕಲ್ಲು, ಅದಕ್ಕೆ ವರ್ಷಗಟ್ಟಲೆ ಸಗಣಿ ಹೊತ್ತು ಎಂಟು ಸೊಪ್ಪಿನ ಮಡಿ ಮಾಡಿದವಳು ಅವಳು, ಮೊದಲ ಬಸ್ಸಿಗೆ ಬುಟ್ಟಿ ಹತ್ತಿಸಿ ಶಿವಮೊಗ್ಗದ ವಿನೋಬನಗರದಲ್ಲಿ ಮನೆಮನೆ ತಿರುಗಿ ಸೊಪ್ಪು ಮಾರಿ ಮಗಳು ಸಮತಾಳನ್ನು ನರ್ಸ್ ಮಾಡಿದವಳು, ನಾನು ಕಾರ್ಖಾನೆಯಿಂದ ಬಂದು ಉಂಡು ಮಲಗುತ್ತಿದ್ದೆ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಸಮತಾ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು, ಅಪ್ಪಾ ನೋಡು, ಬಿದಿರಿನ ಇದ್ದಲನ್ನ ಮಣ್ಣಿಗೆ ಸೇರಿಸಿದ್ರೆ ನೀರು ಹಿಡಿಯುತ್ತಂತೆ, ಮಣ್ಣು ಸಡಿಲ ಆಗುತ್ತಂತೆ — ಪೂರ್ತಿ ನೋಡುವ ತಾಳ್ಮೆ ಯಾರಿಗಿತ್ತು, ಬಂಗಾರಿ ರಾಗಿಗುಡ್ಡದ ತಂಗಿಯ ಮನೆಗೆ ಎರಡು ದಿನ ಹೋದಾಗ ಬಿತ್ತನೆಗೆ ಖಾಲಿಯಿದ್ದ ಎಂಟೂ ಮಡಿಗೆ ಆಗಷ್ಟೇ ಸುಟ್ಟ ಇದ್ದಲು ಕುಟ್ಟಿ ಹಾಗೇ ಸುರಿದು ಮಗುಚಿಬಿಟ್ಟೆ, ಬಂದವಳಿಗೆ ಖುಷಿಯಾಗಲಿ ಅಂತ, ನಿಜವಾಗಿ ಹಾಗೇ ಅಂದುಕೊಂಡಿದ್ದೆ.

ಬಂದು ಅವಳು ಬಿತ್ತಿದಳು, ಮೊಳಕೆ ಎದ್ದವು, ಹತ್ತನೇ ದಿನಕ್ಕೆ ಹಳದಿ, ಮುಟ್ಟಿದರೆ ಮಲಗುತ್ತಿದ್ದವು, ಎಂಟೂ ಮಡಿ. ಅವಳು ಒಂದೊಂದೇ ಕಿತ್ತು ರಾಶಿ ಹಾಕಿದಳು, ಸೋಮವಾರ ಬುಟ್ಟಿಯಿಲ್ಲದೆ ಬಸ್ಸು ಹತ್ತಿದಳು, ಯಾವ ಮನೆಯ ಗೇಟಿನಲ್ಲಿ ನಿಂತು ಸೊಪ್ಪೂ ಅಂತ ಕೂಗುತ್ತಿದ್ದಳೋ ಅದೇ ಮನೆಯ ಪಾತ್ರೆ ತಿಕ್ಕಲು, ಎರಡು ತಿಂಗಳು, ಮಡಿ ಮತ್ತೆ ಸಗಣಿ ಉಂಡು ಸೊಪ್ಪು ಕೊಡುವವರೆಗೆ, ಬರುವಾಗ ಬೆರಳ ತುದಿಯೆಲ್ಲ ಸುಕ್ಕು, ಸೋಪಿನ ಪುಡಿಯ ವಾಸನೆ, ಆ ಕೈಯಲ್ಲೇ ನನಗೆ ಬಡಿಸುತ್ತಿದ್ದಳು — ಫಟ್! ಡ್ರಮ್ಮಿನಲ್ಲಿ ಒಂದು ಗಂಟು ಸಿಡಿಯಿತು, ಸೀಳದೆ ಬಿಟ್ಟದ್ದು ಯಾವುದೋ ಇರಬೇಕು. ಸೋಗಾನೆಯ ಶಿವಯೋಗಪ್ಪ ಕೊಟ್ಟ ಬಿದಿರು ಇದು, ಅವನ ಹೊಲದಂಚಿನ ಮೆಳೆ ಹೂಬಿಟ್ಟು ಒಣಗಿತ್ತು, ಹಳದಿ ಗಿಡದ ಕಥೆ ಹೇಳಿದಾಗ ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ, ಇದ್ದಲು ಹಸಿದಿರುತ್ತೆ ಮಾರಾಯ, ಮೊದ್ಲು ಅದಕ್ಕೆ ಉಣ್ಸು, ಗಂಜಲ ಸಗಣೀಲಿ ಮೂರು ವಾರ ನೆನೆಹಾಕು, ಇಲ್ಲಾಂದ್ರೆ ಗಿಡದ ಬಾಯಿಂದಾನೇ ಕಿತ್ಕೊಂಡು ತಿನ್ನುತ್ತೆ. ಇಷ್ಟೇ. ಇಷ್ಟನ್ನು ಕೇಳಿಕೊಳ್ಳದೆ ಅವಳ ಕೈಗೆ ಸೋಪು ಕೊಟ್ಟೆ. ಎದುರು ಮನೆಯ ಕೊಟ್ಟಿಗೆಯಿಂದ ಗಂಜಲ ತಂದು ಈ ಬಿದಿರಿನ ಮೊದಲ ಡ್ರಮ್ಮಿನ ಇದ್ದಲನ್ನು ತೊಟ್ಟಿಯಲ್ಲಿ ನೆನೆಹಾಕಿ ಒಂದೂವರೆ ತಿಂಗಳಾಯಿತು, ಒಂದು ಮೊಳ ಜಾಗ ಕೊಡು ಅಂತ ಅವಳನ್ನು ಕೇಳಬೇಕು, ದಿನಾ ಬೆಳಿಗ್ಗೆ ಬಾಯಿವರೆಗೆ ಬರುತ್ತದೆ, ಅವಳು ಬುಟ್ಟಿ ಎತ್ತುತ್ತಾಳೆ, ಬಸ್ಸಿನ ಹೊತ್ತಾಯ್ತು ಅನ್ನುತ್ತಾಳೆ, ಮಾತು ವಾಪಸು ಹೋಗುತ್ತದೆ.

ನೀಲಿ. ಹೌದು, ನೀಲಿಗೆ ತಿರುಗಿತು — ಆದರೆ ಬಾಗಿಲಲ್ಲಿ ಇವಳ್ಯಾಕೆ ನಿಂತಿದ್ದಾಳೆ, ಬಸ್ಸು ಹೋಗಿರಬೇಕಲ್ಲ, ರೀ, ಇಲ್ಲಿ ಬನ್ನಿ, ತಾಳೇ ಹೊಗೆ ನೋಡ್ತಿದೀನಿ, ಹೊಗೆ ಆಮೇಲೆ ನೋಡಿ, ಬನ್ನಿ, ಕೊನೆಯ ಮಡಿಯ ಮೂಲೆಗೆ ಕರೆದೊಯ್ಯುತ್ತಾಳೆ, ಬಗ್ಗಿ ಮರೆಗೆ ನಿಲ್ಲಿಸಿದ ತೆಂಗಿನ ಗರಿ ಸರಿಸುತ್ತಾಳೆ, ಮಣ್ಣು ಕಪ್ಪಗಿದೆ, ನನ್ನ ಇದ್ದಲು, ನಿಮ್ಮ ತೊಟ್ಟಿಯಿಂದ ಎರಡು ಬಾಂಡ್ಲಿ ತಗೊಂಡಿದ್ದೆ ಅನ್ನುತ್ತಾಳೆ, ಬಿತ್ತಿ ಇವತ್ತಿಗೆ ಹದಿನೈದು ದಿನ. ಹೇಳಲೇ ಇಲ್ವಲ್ಲೇ. ಹೇಳಿದ್ರೆ ನೀವು ಎಂಟೂ ಮಡಿಗೆ ಸುರೀತಿದ್ರಿ. ನಗುತ್ತಿದ್ದಾಳಾ, ಮುಖ ನೋಡುವ ಧೈರ್ಯವಿಲ್ಲ, ಕೂತುಬಿಟ್ಟೆ, ಮೆಂತ್ಯ, ಗೇಣುದ್ದದ ಸಾಲು, ಹದಿನೈದು ದಿನ, ಹಳದಿಯಿಲ್ಲ, ಬೆರಳಿನಿಂದ ಮುಟ್ಟಿದೆ, ಬಾಗಿತು, ಬಿಟ್ಟೆ, ಎದ್ದು ನಿಂತಿತು, ಹಿಂದೆ ಡ್ರಮ್ಮಿನ ಹೊಗೆ ಕಾಣದಂತಾಗಿರಬೇಕು, ಮುಚ್ಚಬೇಕು, ಈಗಲೇ, ಅವಳ ಹೆಜ್ಜೆ ಅತ್ತ ಹೋಯಿತು, ಮುಚ್ಚಳ ಎಳೆದ ಸದ್ದು, ಕೆಸರು ಎಲ್ಲಿಟ್ಟಿದೀರಿ, ಅಲ್ಲೇ ಕಣೇ, ಬಕೆಟ್ಟಿನಲ್ಲಿ, ಹೇಳಿದೆನೋ ಇಲ್ಲವೋ — ಸಾಲಿನ ಕೊನೆಯಲ್ಲಿ ತಡವಾಗಿ ಎದ್ದ ಒಂದೇ ಒಂದು ಮೊಳಕೆ, ದಾರದಷ್ಟು ಕುತ್ತಿಗೆ, ತಲೆಯ ಮೇಲೆ ಇದ್ದಲಿನ ಚೂರು, ಹೊತ್ತುಕೊಂಡೇ ಬಂದಿದೆ ನೆಲದೊಳಗಿಂದ, ಬೀಳಿಸದೆ, ಎರಡೆಲೆ ಇನ್ನೂ ಬಿಚ್ಚಿಲ್ಲ, ಕರಿ ಚೂರು, ಅದರಡಿ ಹಸಿರು, ಕರಿ ಚೂರು, ಅದರಡಿ ಹಸಿರು.