ಪೈನ್‌ರಿಜ್ ಬ್ರಿಗೇಡಿನ ದ್ಯಾಮಣ್ಣ

ಸ್ಕಾರ್‌ಬರೋದ ಅಂಗಡಿಗೆ ಮೆಂತ್ಯದ ಸೊಪ್ಪು ತರಲು ಹೊರಟರೂ ದ್ಯಾಮಣ್ಣನವರು ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆಯಂತೆಯೇ ನಡೆಯುತ್ತಿದ್ದರು. ಹೆಜ್ಜೆಗೆ ಮೂವತ್ತು ಅಂಗುಲವಿರಬೇಕೆಂಬುದು ಹಳೆಯ ಕವಾಯತಿನ ಕಟ್ಟಳೆ. ಅವರ ಕಾಲುಗಳಿಗೆ ವಿಧಾತನು ಅಷ್ಟು ಉದ್ದವನ್ನು ಮಂಜೂರು ಮಾಡಿರಲಿಲ್ಲವಾದ್ದರಿಂದ, ಪ್ರತಿ ಹೆಜ್ಜೆಯ ತುದಿಯಲ್ಲಿ ಒಂದು ಪುಟ್ಟ ಜಿಗಿತ ಸೇರಿಕೊಂಡು, ಎಪ್ಪತ್ತರ ಆ ದೇಹಕ್ಕೆ ಗುಬ್ಬಚ್ಚಿಯ ಗಾಂಭೀರ್ಯವೊಂದು ಒದಗಿತ್ತು. ಚೀಲ ಹಿಡಿದು ಹಿಂದೆ ಬರುತ್ತಿದ್ದ ಹೆಂಡತಿ ಕಮಲಮ್ಮ ಏದುಸಿರು ಬಿಡುತ್ತ, "ಆ ಯುದ್ಧ ಮುಗದು ಯಾವ ಕಾಲ ಆತ್ರೀ, ಸ್ವಲ್ಪ ನಿಂದರ್ರಿ," ಎನ್ನುವರು. ಅವರು ನಿಲ್ಲದೆಯೇ ತಿದ್ದುವರು: "ಇದು ಯುದ್ಧದ ನಡಿಗಿ ಅಲ್ಲ. ಎರಡು ಯುದ್ಧದ ನಡುವಿಂದು."

ಗದಗಿನಿಂದ ವಲಸೆ ಬಂದ ದ್ಯಾಮಣ್ಣನವರು ಪಕ್ಕದ ಒಶಾವಾ ಊರಿನ ಮೋಟಾರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬ್ರೇಕುಗಳ ತಪಾಸಣೆ ಮಾಡಿ ನಿವೃತ್ತರಾದವರು. ಬಂದೂಕನ್ನು ಮುಟ್ಟಿದವರಲ್ಲ, ಇಲಿ ಬೋನಿಗೂ ಹೆದರುತ್ತಿದ್ದರು. 2009ರ ವಸಂತದಲ್ಲಿ ನೆರೆಮನೆಯವರು ಹಳೆ ಸಾಮಾನು ಮಾರಲಿಟ್ಟ ಗರಾಜ್ ಸೇಲಿನಲ್ಲಿ ಹಳೆಯ ಖಾಕಿ ಓವರ್‌ಕೋಟೊಂದನ್ನು ಕೊಂಡರು. ಆರಡಿಯ ಸಿಪಾಯಿಗೆ ಹೊಲಿದ ಆ ಕೋಟು ಇವರ ಮೈಮೇಲೆ ನೆಲ ಗುಡಿಸುತ್ತಿತ್ತು. ಚಳಿಗಾಲದಲ್ಲಿ ಅವರು ಒಂದು ಸಲ ಮನೆ ಮುಂದೆ ಸುಳಿದಾಡಿದರೆ ಅರ್ಧ ಹಿಮ ತಾನೇ ಸರಿದಿರುತ್ತಿತ್ತು. ಕೋಟಿನೊಂದಿಗೆ ಬಂದ ಪೆಟ್ಟಿಗೆಯಲ್ಲಿ ಗೆದ್ದಲು ಮೆದ್ದ ಆರು ಪುಸ್ತಕಗಳಿದ್ದವು. ಪೈನ್‌ರಿಜ್ ಬ್ರಿಗೇಡ್ ಎಂಬ ಮೀಸಲು ಪದಾತಿ ದಳದ ದಿನದಿನದ ಆಜ್ಞೆಗಳು, 1920ರಿಂದ 1939ರವರೆಗೆ. ಅಂದಿನಿಂದ ಬೇಸ್‌ಮೆಂಟು ಅವರ ದಂಡಿನ ಪಾಳೆಯವಾಯಿತು; ಅಲ್ಲಿ ಕುಳಿತು ಬ್ರಿಗೇಡಿನ ಇತಿಹಾಸ ಬರೆಯತೊಡಗಿದರು.

ಅದೆಂಥ ದಂಡು! ಕ್ಷೌರಿಕರು, ಗುಮಾಸ್ತರು, ಹಾಲು ಹಾಕುವವರು ಮಂಗಳವಾರ ಸಂಜೆ ಸೇರಿ ಎಡ–ಬಲ ಕಲಿಯುತ್ತಿದ್ದ ಸೇನೆ. ಬೂಟು ಸಾಲದೆ ಕೆಲವರು ಮದುವೆಯ ಜೋಡುಗಳಲ್ಲೇ ಕವಾಯತಿಗೆ ಬರುತ್ತಿದ್ದರು. ಮೆಷಿನ್ ಗನ್ನು ಮರದ್ದು; ಕಪ್ಪು ಬಣ್ಣ ಬಳಿದದ್ದು; ಗುಂಡಿನ ಸದ್ದಿಗೆ ಒಬ್ಬ ಪಕ್ಕದಲ್ಲಿ ಕುಳಿತು ಗಿರಿಗಿಟಿ ತಿರುಗಿಸಬೇಕು. ಟ್ಯಾಂಕು ಬೇಕಾದ ಕಡೆ ಹಸಿರು ಬಾವುಟ ಹಿಡಿದವನೊಬ್ಬ ಓಡುತ್ತಿದ್ದ. ಇಪ್ಪತ್ತು ವರ್ಷ ಹೀಗೆ ಸಿದ್ಧವಾದ ಮೇಲೆ, ಎರಡನೆಯ ಮಹಾಯುದ್ಧ ಬಂದೊಡನೆ ಬ್ರಿಗೇಡನ್ನು ಒಡೆದು, ಅದರ ಜನರನ್ನು ಬೇರೆ ಬೇರೆ ದಳಗಳಿಗೆ ಹಂಚಿಬಿಟ್ಟರು. ಪೈನ್‌ರಿಜ್ ಬ್ರಿಗೇಡ್ ಎಂಬ ಹೆಸರು ಯಾವ ರಣರಂಗವನ್ನೂ ನೋಡಲಿಲ್ಲ.

ಮಾತುಮಾತಿಗೆ "ದಾಖಲೆ ಏನ್ ಹೇಳ್ತದ?" ಎನ್ನುವುದು ದ್ಯಾಮಣ್ಣನವರ ರೂಢಿಯಾಯಿತು. ಸಾರಿಗೆ ಉಪ್ಪು ಹಾಕಿದ್ದೇನೆಂದು ಕಮಲಮ್ಮ ಹೇಳಿದರೂ ಅದೇ ಪ್ರಶ್ನೆ. ಹತ್ತಿರದ ಅರೋರಾ ಊರಿನಿಂದ ಬಂದ ಮಗಳು ಸಂಯುಕ್ತಾ ಒಮ್ಮೆ ಕೇಳಿದಳು: "ಬಟ್ ವೈ ದೆಮ್, ಅಪ್ಪಾ? ದೇ ನೆವರ್ ಡಿಡ್ ಎನಿಥಿಂಗ್."

ದ್ಯಾಮಣ್ಣನವರು ಕನ್ನಡಕ ತೆಗೆದು ಒರೆಸಿದರು. "ನಾ ಮೂವತ್ತು ವರ್ಷ ಬ್ರೇಕ್ ಚೆಕ್ ಮಾಡೇನಿ ಮಗಳ. ಬ್ರೇಕ್ ಫೇಲಾದ್ರ ಪೇಪರಿನ್ಯಾಗ ಬರ್ತದ. ಆಗ್ಲಿಲ್ಲಂದ್ರ ಯಾರು ಬರೀತಾರ?"

ಸಂಯುಕ್ತಾ ಅಂದಿನಿಂದಲೇ ಅವರ ಹಸ್ತಪ್ರತಿಯನ್ನು ಟೈಪು ಮಾಡಿಕೊಡತೊಡಗಿದಳು.

ಬ್ರಿಗೇಡಿನ ಬಾಳಿನಲ್ಲಿ ಒಂದೇ ಒಂದು ವಿಜಯವಿತ್ತು: 1931ರ ಆಗಸ್ಟಿನಲ್ಲಿ ಇನ್ನೊಂದು ಪಡೆಯೊಡನೆ ನಡೆದ ಅಣಕು ಯುದ್ಧದಲ್ಲಿ ಗುಡ್ಡವೊಂದನ್ನು ಗೆದ್ದು ಪಡೆದ ಬೆಳ್ಳಿಯ ಕಪ್ಪು. ಮಾಜಿ ಸೈನಿಕರ ಸಂಘದವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿಕೊಂಡಿದ್ದರು. ದ್ಯಾಮಣ್ಣನವರ ಪರಿಶ್ರಮವನ್ನು ಕೇಳಿದ ಸಂಘದ ಅಧ್ಯಕ್ಷ, ನಿವೃತ್ತ ಮೇಜರ್ ಒಬ್ಬರು, ಪುಸ್ತಕಕ್ಕೆ ಮುನ್ನುಡಿ ಬರೆಯುವುದಾಗಿ ಮಾತು ಕೊಟ್ಟು, 2012ರ ಶರತ್ಕಾಲದ ವಾರ್ಷಿಕ ಕೂಟದಲ್ಲಿ ಭಾಷಣಕ್ಕೆ ಕರೆದರು. ಬ್ರಿಗೇಡಿನಲ್ಲಿ ಉಳಿದಿದ್ದ ಕಟ್ಟಕಡೆಯ ಸಿಪಾಯಿ, ತೊಂಬತ್ತೆಂಟರ ವಿಲ್ಫ್ರೆಡ್, ಅಂದು ಆ ಕಪ್ಪನ್ನು ಕೈಯಲ್ಲಿ ಹಿಡಿಯುವವರಿದ್ದರು.

ಕೂಟಕ್ಕೆ ಎರಡು ವಾರವಿರುವಾಗ, 1931ರ ಪುಸ್ತಕದಲ್ಲಿ ಅಂಟಿಕೊಂಡಿದ್ದ ಎರಡು ಹಾಳೆಗಳನ್ನು ಆವಿಯಲ್ಲಿ ಬಿಡಿಸಿದಾಗ, ಅಣಕು ಯುದ್ಧದ ತೀರ್ಪುಗಾರನ ಟಿಪ್ಪಣಿ ಹೊರಬಿತ್ತು: "ಶತ್ರುಪಕ್ಷ ಗೈರುಹಾಜರು. ಗುಡ್ಡ ವಶ."

ದ್ಯಾಮಣ್ಣನವರ ಮುಖ ಬಾಡಿತು. ಕಮಲಮ್ಮ ವಿಷಯ ಕೇಳಿ ಸ್ಪಷ್ಟವಾಗಿ ಹೇಳಿದರು: "ಆ ಮುದುಕರ ಮುಂದ ಇದನ್ನ ತೆಗೀಬ್ಯಾಡ್ರಿ. ಕೈಯಾಗಿನ ಕಪ್ಪು ಕಸಗೊಂಡು ನಿಮಗೇನ್ ಸಿಗ್ತದ?" ದ್ಯಾಮಣ್ಣನವರಿಗೂ ಅದು ನ್ಯಾಯವೆನಿಸಿತು. "ತೀವ್ರ ಪ್ರತಿರೋಧದ ನಡುವೆ ಗುಡ್ಡವನ್ನು ಗೆದ್ದರು" ಎಂದು ಬರೆದರು. ಬರೆದ ದಿನದಿಂದ ಊಟ ರುಚಿಸಲಿಲ್ಲ. ಕೊನೆಗೆ ಇನ್ನೊಂದು ಪ್ರತಿ ಮಾಡಿ, ಸತ್ಯವನ್ನು ಕೋಟಿನ ಬಲಜೇಬಿಗೂ ಸೌಜನ್ಯವನ್ನು ಎಡಜೇಬಿಗೂ ಇಟ್ಟುಕೊಂಡು ಹೊರಟರು.

ಸಭೆಯಲ್ಲಿ ಅವರು ತೆಗೆದದ್ದು ಎಡಜೇಬಿನ ಪ್ರತಿಯನ್ನೇ. ಮದುವೆಯ ಜೋಡುಗಳಿಗೂ ಹಸಿರು ಬಾವುಟಕ್ಕೂ ಜನ ಮನಸಾರೆ ನಕ್ಕರು. 1931 ಬಂತು. "ತೀವ್ರ" ಎಂಬಲ್ಲಿ ದನಿ ನಿಂತಿತು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ವಿಲ್ಫ್ರೆಡ್ ಮಡಿಲಲ್ಲಿ ಕಪ್ಪನ್ನಿಟ್ಟುಕೊಂಡು ಇವರನ್ನೇ ನೋಡುತ್ತಿದ್ದರು. ದ್ಯಾಮಣ್ಣನವರು ನೀರು ಕುಡಿದರು, ಮತ್ತೆ "ತೀವ್ರ" ಎಂದರು, ಮತ್ತೆ ನಿಂತರು. ಆಮೇಲೆ ಕೈಯನ್ನು ಬಲಜೇಬಿಗೆ ಹಾಕಿ, ತೀರ್ಪುಗಾರನ ಟಿಪ್ಪಣಿಯನ್ನು ಓದಿಬಿಟ್ಟರು.

ಮೇಜರ್ ಸಾಹೇಬರ ಮುಖ ಕೆಂಪೇರಿತು. ಕಿವಿ ಮಂದವಾಗಿದ್ದ ವಿಲ್ಫ್ರೆಡ್, "ಏನಂದ ಆತ?" ಎಂದು ಮೊಮ್ಮಗಳನ್ನು ಕೇಳಿದರು. ಅವಳು ಕಿವಿಯಲ್ಲಿ ಕೂಗಿ ಹೇಳಿದಳು.

"ಸದ್ಯ," ಎಂದರು ವಿಲ್ಫ್ರೆಡ್. "ಅಂದಿನ ಬೇಹುಗಾರ ನಾನೇ."

ಹದಿನೇಳರ ಹುಡುಗನಾಗಿ ಸೈಕಲ್ಲಿನಲ್ಲಿ ಮುಂದೆ ಹೋಗಿದ್ದ ಅವರಿಗೆ ಶತ್ರುಗಳು ಪಕ್ಕದ ಹಳ್ಳಿಯ ಚರ್ಚಿನ ಪಿಕ್ನಿಕ್ಕಿನಲ್ಲಿ ಸಿಕ್ಕಿದ್ದರಂತೆ. ತಪ್ಪು ಸ್ಟೇಷನ್ನಿನಲ್ಲಿ ಇಳಿದ ಆ ಪಡೆ ಮರದ ನೆರಳಿನಲ್ಲಿ ಬೂಟು ಬಿಚ್ಚಿ ಕುಳಿತಿತ್ತು. ಅವರು ಹುಡುಗನಿಗೆ ಹಣ್ಣಿನ ಹೂರಣದ ಪೈಯ ಎರಡು ತುಂಡು ತಿನ್ನಿಸಿ, ಬಾಯಿ ಬಿಡಬೇಡವೆಂದು ಬೇಡಿಕೊಂಡರು. ಹುಡುಗ ಹಿಂತಿರುಗಿ "ಯಾರೂ ಕಾಣಲಿಲ್ಲ" ಎಂದು ವರದಿ ಮಾಡಿದ. ಶತ್ರು ಅಷ್ಟು ಚೆನ್ನಾಗಿ ಅಡಗಿದ್ದಾನೆಂದು ಬಗೆದ ಬ್ರಿಗೇಡು, ತುರಿಕೆ ಗಿಡಗಳ ನಡುವೆ ನಾಲ್ಕು ಗಂಟೆ ಹೊಟ್ಟೆಯ ಮೇಲೆ ತೆವಳಿ, ಬರಿ ಗುಡ್ಡವನ್ನು ಗೆದ್ದಿತು.

"ನನಗೆ ಬಡ್ತಿಯನ್ನೂ ಕೊಟ್ಟರು," ಎಂದರು ವಿಲ್ಫ್ರೆಡ್. "ಎಂಬತ್ತೊಂದು ವರ್ಷ ಯಾರಿಗೂ ಹೇಳಲಿಲ್ಲ."

ದ್ಯಾಮಣ್ಣನವರು ಆಗಲೇ ಪೆನ್ನು ತೆಗೆದಿದ್ದರು. "ಯಾವ ಹಣ್ಣಿನ ಪೈ?"

"ಬ್ಲೂಬೆರಿ."

"ದಾಖಲೆ ಏನಾದರೂ ಇದೆಯೇ?"

ಸಭೆಯ ಅರ್ಧ ಭಾಗ ಬಿದ್ದುಬಿದ್ದು ನಕ್ಕಿತು. ಉಳಿದರ್ಧ ಮೇಜರ್ ಸಾಹೇಬರ ಹಿಂದೆ ಎದ್ದು ಹೊರಗೆ ಹೋಯಿತು.

ಮುನ್ನುಡಿ ಬರಲಿಲ್ಲ, ಸಂಘದ ಆಹ್ವಾನಗಳೂ ನಿಂತವು. ದ್ಯಾಮಣ್ಣನವರು ಕೆಲವು ದಿನ ಮಂಕಾಗಿದ್ದರು. ಆದರೆ ಪ್ರತಿ ಬುಧವಾರ ಬೆಳಿಗ್ಗೆ ವಿಲ್ಫ್ರೆಡ್ ಫೋನು ಮಾಡತೊಡಗಿದರು: ಗಿರಿಗಿಟಿ ತಿರುಗಿಸುತ್ತಿದ್ದವನ ಹೆಸರು, ಬಾವುಟ ಹಿಡಿದವನ ಉಬ್ಬಸ, ಯುದ್ಧಕ್ಕೆ ಹೋಗಿ ಬಾರದವರ ಮುಖಗಳು. ಅದರಿಂದ ಹೊಸದೊಂದು ಅಧ್ಯಾಯವೇ ಆಯಿತು. 2014ರ ಮಾರ್ಚಿನಲ್ಲಿ ಆ ಫೋನು ನಿಂತಿತು. ಆ ಶರತ್ಕಾಲದಲ್ಲಿ ಪುಸ್ತಕದ ಅರವತ್ತು ಪ್ರತಿ ಅಚ್ಚಾದವು. ಪೈಯ ಪುಟವನ್ನು ಸಂಯುಕ್ತಾಳಿಂದ ಓದಿಸಿ ಕೇಳಿದ ಕಮಲಮ್ಮ, "ಹುಡುಗಗ ಹಸಿವಿ ಆಗಿತ್ತು ಪಾಪ," ಎಂದು ತೀರ್ಪಿತ್ತರು. ಮೇಜರ್ ಸಾಹೇಬರು ಒಂದು ದಿನ ಬಂದು, ಹೆಚ್ಚು ಮಾತಾಡದೆ, ಮೂರು ಪ್ರತಿ ಒಯ್ದರು.

ವಲಸೆ ಬಂದವನು ಹೊಸ ನಾಡಿನ ಕೀರ್ತಿಯಲ್ಲಿ ಪಾಲು ಕೇಳುವುದು ಸಹಜ. ಅದರ ಮುಜುಗರದಲ್ಲೂ ಪಾಲು ಕೇಳುವವರು ಅಪರೂಪ. ಅವರು ಯಾರೂ ಕರೆಯದ ಕೆಲಸಕ್ಕೆ ಹೋಗುತ್ತಾರೆ, ಕರೆದವರನ್ನು ಸಿಟ್ಟಿಗೆಬ್ಬಿಸಿ ಬರುತ್ತಾರೆ, ಮನೆಯವರ ತಾಳ್ಮೆಯನ್ನು ಬೇಸ್‌ಮೆಂಟಿನಲ್ಲಿ ಒರೆಹಚ್ಚುತ್ತಾರೆ. ಪೌರತ್ವದ ಪ್ರಮಾಣವಚನವನ್ನು ಎಲ್ಲರಂತೆ ಅವರೂ ಎಂದೋ ಓದಿರುತ್ತಾರೆ. ಆದರೆ ಒಂದು ನೆಲ ಇಂಥವರಿಗೆ ನಿಜವಾಗಿ ತಮ್ಮದಾಗುವುದು, ಅಲ್ಲಿ ಬಾಳಿದವರ ಬಗ್ಗೆ ಒಂದು ಸಣ್ಣ ಸುಳ್ಳು ಬರೆಯಲೂ ಕೈ ಬಾರದ ದಿನ.